ಒರೆಯ ಚರಿತ್ರೆ: ಸೊಂಟದಲ್ಲಿ ಆಯುಧ ಹೊರುವ ವಿದ್ಯೆ

ಕತ್ತಿ, ಕೋವಿಗಳ ಚರಿತ್ರೆಯನ್ನು ಬರೆದವರು ಅನೇಕರು. ಅವುಗಳನ್ನು ಮನುಷ್ಯ ತನ್ನ ಮೈಮೇಲೆ ಹೊತ್ತ ಬಗೆಯನ್ನು ಕುರಿತು ಬರೆದವರು ಕಡಿಮೆ. ಯೋಚಿಸಿ ನೋಡಿದರೆ ಇದು ವಿಚಿತ್ರ. ಅತ್ಯಂತ ಕಾದಾಡುವ ಸೈನಿಕನೂ ತನ್ನ ಆಯುಧವನ್ನು ಪ್ರಯೋಗಿಸುವುದು ವರ್ಷದಲ್ಲಿ ಕೆಲವು ಗಳಿಗೆ ಮಾತ್ರ. ಉಳಿದ ದಿನಗಳಲ್ಲೆಲ್ಲ ಆತ ಅದನ್ನು ಹೊತ್ತು ನಡೆಯುತ್ತಾನೆ, ಕೂರುತ್ತಾನೆ, ಗುಡ್ಡ ಹತ್ತುತ್ತಾನೆ, ಹೊಳೆ ದಾಟುತ್ತಾನೆ. ಹೀಗೆ ಹೊರುವಾಗ ಆಯುಧ ಬೀಳಬಾರದು, ಹೊತ್ತವನನ್ನೇ ಚುಚ್ಚಬಾರದು, ಬೇಕೆಂದಾಗ ಕೈಗೆ ಬರಬೇಕು, ಬೇಡವಾದಾಗ ತಾನಾಗಿ ಕೆಲಸ ಮಾಡಬಾರದು. ಈ ನಾಲ್ಕು ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾಗಿವೆ. ಅವುಗಳ ನಡುವೆ ರಾಜಿ ಮಾಡಿಸುವ ಸಾಧನವೇ ಒರೆ. ಬಿಲ್ಲುಗಾರನಿಗೆ ಅದು ಬತ್ತಳಿಕೆ, ಪಿಸ್ತೂಲು ಹೊರುವವನಿಗೆ ಹೋಲ್‌ಸ್ಟರ್.

ಹೋಲ್‌ಸ್ಟರ್ ಎಂದರೆ ಪಿಸ್ತೂಲಿಗೆ ಒಂದು ಚೀಲ, ಯಾವ ಚೀಲವಾದರೂ ನಡೆಯುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಅದು ಪಿಸ್ತೂಲಿನದೇ ಒಂದು ಭಾಗ, ಅದರಲ್ಲಿಯೂ ಸುರಕ್ಷತೆಯ ಭಾಗ. ಅದನ್ನು ಆರಿಸಿಕೊಳ್ಳುವಲ್ಲಿ ಗುರುತ್ವಕೇಂದ್ರ, ಭ್ರಾಮಕ, ಘರ್ಷಣೆ, ಒತ್ತಡ, ಲೋಹದ ತುಕ್ಕು ಇವೆಲ್ಲ ಬರುತ್ತವೆ. ನಮ್ಮ ಕರಾವಳಿ ಮತ್ತು ಅದರ ಬೆನ್ನಿಗಿರುವ ಕೊಡಗಿನ ಜನ ಈ ವಿಷಯಗಳನ್ನು ಪುಸ್ತಕದಿಂದ ಕಲಿಯದೆ, ಬಳಕೆಯಿಂದ ಕಲಿತಿದ್ದರು. ಮೊದಲು ಅಲ್ಲಿಂದಲೇ ಆರಂಭಿಸೋಣ.

ಕೈ ಬಿಡುವಾಗಿರಬೇಕು

ಕರ್ನಾಟಕದ ವೀರಗಲ್ಲುಗಳನ್ನು ಗಮನಿಸಿದವರಿಗೆ ವೀರನ ಸೊಂಟದಲ್ಲಿ ಸಿಕ್ಕಿಸಿದ ಗಿಡ್ಡ ಬಾಕು ಕಂಡಿರುತ್ತದೆ. ಕೈಯಲ್ಲಿ ಬಿಲ್ಲೋ ಕತ್ತಿಯೋ ಇದ್ದರೂ ಸೊಂಟದ ಬಾಕು ಬೇರೆಯೇ. ತುಳುನಾಡಿನ ಕೋಟಿ ಚೆನ್ನಯರನ್ನು ಜನ ನೆನೆಯುವುದು ಅವರ ಸುರಿಯಗಳೊಡನೆ. ಸುರಿಯವೆಂದರೆ ಮೈಗೆ ಹತ್ತಿರ ಇಟ್ಟುಕೊಳ್ಳುವ ಗಿಡ್ಡ ಆಯುಧ. ಇದಕ್ಕೆ ವ್ಯತಿರಿಕ್ತವಾಗಿ, ಭೂತದ ಕೋಲದಲ್ಲಿ ಕಾಣುವ ಕಡ್ಸಲೆ ಕೈಯಲ್ಲಿಯೇ ಇರುತ್ತದೆ. ಅದು ತೋರಿಸಬೇಕಾದ ಆಯುಧ, ಅಡಗಿಸಬೇಕಾದುದಲ್ಲ. ತೋರಿಸುವ ಆಯುಧ, ಅಡಗಿಸುವ ಆಯುಧ ಎಂಬ ಈ ಭೇದ ಇಂದಿನ ಕಾನೂನಿನವರೆಗೂ ಬಂದಿದೆ.

ಆದರೆ ಹೊರುವ ವಿದ್ಯೆಯನ್ನು ನಿಜವಾಗಿ ಬೆಳೆಸಿದವರು ಯೋಧರಲ್ಲ, ದುಡಿಯುವವರು. ಮಂಗಳೂರಿನಿಂದ ಯಾವ ದಿಕ್ಕಿಗೆ ಹತ್ತು ಕಿಲೋಮೀಟರ್ ಹೋದರೂ ತೆಂಗು, ಅಡಿಕೆ, ತಾಳೆ ಮರಗಳಿವೆ. ಮರ ಹತ್ತಿ ಶೇಂದಿ ಇಳಿಸುವ ಮೂರ್ತೆದಾರರಿಗೆ, ಅಡಿಕೆಯ ಕೊನೆ ಕೊಯ್ಯುವವರಿಗೆ ಎರಡು ಕೈಗಳೂ ಮರಕ್ಕೆ ಬೇಕು. ಕತ್ತಿ ಚೂಪಾಗಿರುತ್ತದೆ, ಹದಿನೈದು ಮೀಟರ್ ಎತ್ತರದಲ್ಲಿ ಅದು ಜಾರಿದರೆ ಕೆಳಗಿರುವವನ ತಲೆಗೆ ಅಪಾಯ, ತಿರುಗಿದರೆ ಹತ್ತುವವನ ತೊಡೆಗೆ ಅಪಾಯ. ಆದ್ದರಿಂದ ಅವರು ಅದನ್ನು ಸೊಂಟದ ಹಿಂದೆ ಹಗ್ಗದಿಂದ ಕಟ್ಟಿದ ಮರದ ಕೊಕ್ಕೆಗೋ ಗೂಡಿಗೋ ಸಿಕ್ಕಿಸುತ್ತಾರೆ. ಮರ ಹತ್ತುವಾಗ ಮುಂಭಾಗ ಮರಕ್ಕೆ ಉಜ್ಜುತ್ತದೆ, ಪಕ್ಕಗಳಲ್ಲಿ ತೋಳು ತೊಡೆಗಳು ಆಡುತ್ತವೆ. ಹೆಚ್ಚು ಅಲುಗಾಡದ ಜಾಗ ಸೊಂಟದ ಹಿಂಭಾಗ ಒಂದೇ. ಮನುಷ್ಯ ನೇರವಾಗಿ ನಿಂತಾಗ ದೇಹದ ಗುರುತ್ವಕೇಂದ್ರ ಹೊಕ್ಕುಳಿನ ಸ್ವಲ್ಪ ಕೆಳಗೆ, ಬೆನ್ನುಮೂಳೆಯ ಬುಡದ ಮಟ್ಟದಲ್ಲಿರುತ್ತದೆ. ಭಾರವನ್ನು ಅದಕ್ಕೆ ಸಮೀಪದಲ್ಲಿಟ್ಟಷ್ಟೂ ಸಮತೋಲ ಕೆಡುವುದು ಕಡಿಮೆ.

ಒಡಿಕತ್ತಿ ಮತ್ತು ತೊಡಂಗ್

ಈ ತತ್ತ್ವ ಅತ್ಯಂತ ಪರಿಷ್ಕೃತ ರೂಪ ಪಡೆದುದು ಕೊಡಗಿನಲ್ಲಿ. ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಕ್ಕೆ ಸೊಂಟದಲ್ಲಿ ಚೇಲೆ ಎಂಬ ರೇಷ್ಮೆ ಪಟ್ಟಿ. ಚೇಲೆಯ ಮುಂಭಾಗದಲ್ಲಿ ಸಿಕ್ಕಿಸುವುದು ಪೀಚೆಕತ್ತಿ. ಹಿಂಭಾಗದಲ್ಲಿ ಹೊರುವುದು ಅಗಲವಾದ, ಬಾಗಿದ ಒಡಿಕತ್ತಿ. ಎರಡಕ್ಕೂ ವ್ಯವಸ್ಥೆ ಬೇರೆ ಬೇರೆ.

ಪೀಚೆಕತ್ತಿಗೆ ಮರದ ಗಟ್ಟಿ ಒರೆಯಿದೆ. ಅದರ ಮೇಲೆ ಬೆಳ್ಳಿಯ ಕೆಲಸ, ಜೊತೆಗೆ ಒಂದು ಸರಪಣಿ. ಸರಪಣಿಯನ್ನು ಆಭರಣವೆಂದು ನೋಡುವವರೇ ಹೆಚ್ಚು. ಅದು ಆಭರಣವೂ ಹೌದು, ಕತ್ತಿ ಕಳೆದುಹೋಗದಂತೆ ಮಾಡಿದ ಬಂಧವೂ ಹೌದು. ಮುಂದೆ ಬ್ರಿಟಿಷ್ ಸೇನೆಯ ರಿವಾಲ್ವರುಗಳ ಹಿಡಿಯ ಬುಡದಲ್ಲಿ ಒಂದು ಉಂಗುರ ಬಂತು. ಅದಕ್ಕೆ ಕಟ್ಟಿದ ಹುರಿ ಭುಜಕ್ಕೆ ಹೋಗುತ್ತಿತ್ತು. ನಮ್ಮ ಪೊಲೀಸರಲ್ಲಿ ಅದು ಈಗಲೂ ಕಾಣುತ್ತದೆ. ಎರಡರ ಕೆಲಸ ಒಂದೇ.

ಒಡಿಕತ್ತಿಗೆ ಒರೆಯೇ ಇಲ್ಲ. ಸೊಂಟಪಟ್ಟಿಯ ಹಿಂಭಾಗಕ್ಕೆ ಬಿಗಿದ ಹಿತ್ತಾಳೆಯ ಒಂದು ಹಿಡಿಕೆ, ಅದರ ಹೆಸರು ತೊಡಂಗ್. ಅದರ ಸೀಳಿನೊಳಗೆ ಬರಿಯ ಅಲಗನ್ನೇ ತೂರಿಸಿ ನಿಲ್ಲಿಸುತ್ತಾರೆ. ಕತ್ತಿಗೆ ಒರೆಯಿಲ್ಲದಿರುವುದು ಅನಾಗರಿಕತೆಯಲ್ಲ, ಲೆಕ್ಕಾಚಾರ. ಅಗಲವಾದ, ಬಾಗಿದ ಅಲಗಿಗೆ ಪೂರ್ತಿ ಮುಚ್ಚುವ ಒರೆ ಮಾಡಿದರೆ ಒರೆಯ ಬಾಯಿ ಅಲಗಿನ ಅತ್ಯಂತ ಅಗಲವಾದ ಭಾಗದಷ್ಟು ಇರಬೇಕು; ಆಗ ಕಿರಿದಾದ ಭಾಗ ಒಳಗೆ ಅಲ್ಲಾಡುತ್ತದೆ. ತೊಡಂಗ್ ಅಲಗನ್ನು ಒಂದೇ ಕಡೆ ಹಿಡಿಯುತ್ತದೆ. ಅಲಗು ಹೋದಂತೆ ಅಗಲವಾಗುವುದರಿಂದ ಅದು ಬೆಣೆಯಂತೆ ಕಚ್ಚಿಕೊಳ್ಳುತ್ತದೆ, ಅದರ ತೂಕವೇ ಅದನ್ನು ಇನ್ನಷ್ಟು ಬಿಗಿಮಾಡುತ್ತದೆ. ಮೇಲಾಗಿ ಕೊಡಗಿನ ಮಳೆಯಲ್ಲಿ ಮುಚ್ಚಿದ ಒರೆಯೊಳಗೆ ನೀರು ನಿಂತರೆ ಉಕ್ಕು ಉಳಿಯುವುದು ಕಷ್ಟ. ತೊಡಂಗಿನಲ್ಲಿ ಗಾಳಿಯಾಡುತ್ತದೆ, ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ.

ಈ ಆಯುಧಗಳ ಬಗೆಗಿನ ಮುದ್ರಿತ ವಿವರಗಳಲ್ಲಿ ಮಂಗಳೂರಿಗೂ ಪಾಲಿದೆ. ಜಿ. ರಿಕ್ಟರ್ ಸಂಪಾದಿಸಿದ ಕೊಡಗಿನ ಕೈಪಿಡಿ 1870ರಲ್ಲಿ ಪ್ರಕಟವಾದುದು ಇಲ್ಲಿಯ ಬಾಸೆಲ್ ಮಿಶನ್ನಿನಿಂದ. ಕೊಡವರ ಉಡುಪನ್ನೂ ಕತ್ತಿಗಳನ್ನೂ ಅದು ವರ್ಣಿಸುತ್ತದೆ. 1880ರಲ್ಲಿ ಎಗರ್ಟನ್ ಭಾರತದ ಆಯುಧಗಳ ಪಟ್ಟಿ ಮಾಡಿದಾಗ ಕೊಡಗಿನ ಕತ್ತಿಯನ್ನೂ ಬಿಡಲಿಲ್ಲ. ಅದಕ್ಕೂ ಮೊದಲೇ, 1837ರ ಏಪ್ರಿಲಿನಲ್ಲಿ, ಕಲ್ಯಾಣಪ್ಪನ ಕಾಟಕಾಯಿ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಅಮರಸುಳ್ಯದ ದಂಗೆಯಲ್ಲಿ ಸುಳ್ಯ, ಪುತ್ತೂರು, ಬಂಟ್ವಾಳಗಳ ಮೂಲಕ ಬಂದ ರೈತರ ದಂಡು ಮಂಗಳೂರನ್ನೇ ಕೆಲವು ದಿನ ವಶಪಡಿಸಿಕೊಂಡು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿತ್ತು.

1857ರ ನಂತರ ಬ್ರಿಟಿಷರು ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆ ತಂದರು. ಕೊಡವರಿಗೆ ಮಾತ್ರ 1861ರಲ್ಲಿ ಮಾರ್ಕ್ ಕಬ್ಬನ್ ವಿನಾಯಿತಿ ಘೋಷಿಸಿದ. ಆ ವಿನಾಯಿತಿ ಹಲವು ಕಾಯಿದೆಗಳನ್ನು ದಾಟಿ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ದೇಶದ ಉಳಿದೆಡೆ ಆಯುಧ ಹೊರುವ ಅಭ್ಯಾಸವೇ ಕಡಿದುಹೋದಾಗ ಹೊರುವ ಸಾಧನಗಳ ತಿಳಿವಳಿಕೆಯೂ ಕಡಿದುಹೋಯಿತು. ತೊಡಂಗ್ ಇಂದಿಗೂ ಮದುವೆ ಹಬ್ಬಗಳಲ್ಲಿ ಸೊಂಟದ ಮೇಲೆ ಉಳಿದಿರುವುದಕ್ಕೆ ಈ ವಿನಾಯಿತಿಯೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಕುದುರೆಯ ಬೆನ್ನಿನಿಂದ ಮನುಷ್ಯನ ಸೊಂಟಕ್ಕೆ

ಪಿಸ್ತೂಲಿನ ಹೋಲ್‌ಸ್ಟರ್ ಮೊದಲು ಮನುಷ್ಯನ ಮೇಲೆ ಇರಲಿಲ್ಲ. ಅದು ಕುದುರೆಯ ಜೀನಿನ ಮುಂದೆ, ಎರಡೂ ಪಕ್ಕಗಳಲ್ಲಿ ಜೋಡಿಯಾಗಿ ತೂಗುತ್ತಿತ್ತು. ಚಕಮಕಿ ಕಲ್ಲಿನ ಪಿಸ್ತೂಲು ಉದ್ದ, ಭಾರ. ಒಂದು ಸಲ ಹಾರಿಸಿದ ಮೇಲೆ ಮತ್ತೆ ತುಂಬಲು ಸಮಯ ಬೇಕು. ಆದ್ದರಿಂದ ಎರಡು ಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನಿಗಾಗಿ ತಯಾರಾದ ಪಿಸ್ತೂಲು ಜೋಡಿಗಳಲ್ಲಿ ಒಂದು ವೈಶಿಷ್ಟ್ಯವಿದೆ: ಒಂದರ ಚಕಮಕಿ ಯಂತ್ರ ಬಲಬದಿಗೆ, ಇನ್ನೊಂದರದು ಎಡಬದಿಗೆ. ಕನ್ನಡಿಯಲ್ಲಿ ಕಂಡ ಬಿಂಬದಂತೆ. ಎಡಕ್ಕೊಂದು ಬಲಕ್ಕೊಂದು ಹೊರುವ ಜೋಡಿಗೆ ಇದು ಬಹಳ ಸೂಕ್ತವಾದ ವಿನ್ಯಾಸ. ಮೈಗೆ ತಾಗುವ ಬದಿ ನುಣುಪಾಗಿ, ಚಾಚಿದ ಯಂತ್ರ ಹೊರಬದಿಗೆ ಇರುತ್ತದೆ. 1783ರಿಂದ 1784ರವರೆಗೆ ಮಂಗಳೂರಿನ ಕೋಟೆಯನ್ನು ಮುತ್ತಿ, ಮಾರ್ಚಿನಲ್ಲಿ ಇಲ್ಲಿಯೇ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ ಸುಲ್ತಾನನಿಗೆ ಕರಾವಳಿಯ ಮಳೆಯಲ್ಲಿ ಮದ್ದು ಒದ್ದೆಯಾಗುವ ಕಷ್ಟ ಚೆನ್ನಾಗಿ ತಿಳಿದಿದ್ದಿರಬೇಕು.

1836ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ರಿವಾಲ್ವರಿಗೆ ತನ್ನ ದೇಶದ ಪೇಟೆಂಟ್ ಪಡೆದ. ಒಂದೇ ಪಿಸ್ತೂಲಿನಲ್ಲಿ ಐದಾರು ಸಲ ಹಾರಿಸಬಹುದಾದಾಗ ಜೋಡಿಯ ಅಗತ್ಯ ಹೋಯಿತು. ಪಿಸ್ತೂಲು ಕುದುರೆಯಿಂದ ಇಳಿದು ಸವಾರನ ಸೊಂಟಕ್ಕೆ ಬಂತು. ಆಗಲೇ ಹೊಸ ಸಮಸ್ಯೆಯೂ ಬಂತು. ಮುಕ್ಕಾಲೋ ಒಂದೋ ಕಿಲೋಗ್ರಾಂ ತೂಕ ಸೊಂಟದ ಒಂದೇ ಬದಿಗೆ ಜೋತರೆ ಪಟ್ಟಿ ಓರೆಯಾಗುತ್ತದೆ.

ಇದಕ್ಕೆ ದೊರೆತ ಒಂದು ಉತ್ತರ ಭಾರತದಲ್ಲಿಯೇ ಹುಟ್ಟಿತು. ಸ್ಯಾಮ್ ಬ್ರೌನ್ ಎಂಬ ಕುದುರೆದಳದ ಅಧಿಕಾರಿ 1858ರ ಆಗಸ್ಟ್ 31ರಂದು ಪೀಲಿಭೀತ್ ಬಳಿಯ ಕಾಳಗದಲ್ಲಿ ತನ್ನ ಎಡಗೈಯನ್ನು ಕಳೆದುಕೊಂಡ. ಕತ್ತಿ ಹಿರಿಯುವಾಗ ಎಡಗೈಯಿಂದ ಒರೆಯನ್ನು ಹಿಡಿದುಕೊಳ್ಳಬೇಕು. ಆ ಕೈಯೇ ಇಲ್ಲವಾದಾಗ ಒರೆ ಅಲುಗದೆ ನಿಲ್ಲಬೇಕು. ಆತ ಅಗಲವಾದ ಸೊಂಟಪಟ್ಟಿಗೆ ಬಲಭುಜದ ಮೇಲಿಂದ ಓರೆಯಾಗಿ ಬರುವ ಇನ್ನೊಂದು ಪಟ್ಟಿ ಸೇರಿಸಿದ. ಎಡಗಡೆಯ ಕತ್ತಿಯ ಭಾರ ಭುಜಕ್ಕೂ ಹಂಚಿಹೋಯಿತು; ಬಲಗಡೆ ರಿವಾಲ್ವರಿಗೆ ಜಾಗವಾಯಿತು. ಪೊಲೀಸ್ ಅಧಿಕಾರಿಗಳ ಎದೆಯ ಮೇಲೆ ಓರೆಯಾಗಿ ಹಾದ ಪಟ್ಟಿಯನ್ನು ನೋಡದವರಿಲ್ಲ. ಅದು ಅಲಂಕಾರವಲ್ಲ, ಕೈ ಕಳೆದುಕೊಂಡವನೊಬ್ಬ ಬಿಡಿಸಿದ ಯಂತ್ರಶಾಸ್ತ್ರದ ಲೆಕ್ಕ.

ಆ ಕಾಲದ ಸೇನೆಯ ಹೋಲ್‌ಸ್ಟರ್ ಚರ್ಮದ್ದು, ಮೇಲೆ ಮುಚ್ಚಳ, ಮುಚ್ಚಳಕ್ಕೆ ಗುಂಡಿ. ಮಳೆ, ಧೂಳು ತಡೆಯಲು ಅದು ಒಳ್ಳೆಯದು. ಆದರೆ ಅದು ಎಲ್ಲರಿಗೂ ಕಾಣುವಂಥದು, ದಪ್ಪ. ಅಂಗಿಯ ಕೆಳಗೆ ಅಡಗಿಸಿ ಹೊರಬೇಕಾದಾಗ ಬೇರೆಯೇ ವಿನ್ಯಾಸ ಬೇಕಾಯಿತು.

ಅಡಗಿಸಿ ಹೊರುವುದರ ಲೆಕ್ಕ

ಭಾರತದಲ್ಲಿ ಅಡಗಿಸಿ ಹೊರುವುದು ಕೇವಲ ರೂಢಿಯಲ್ಲ, ನಿಯಮ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಪಡೆದವರು ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರ್ ಒಯ್ಯುವಾಗ ಅದು ಹೋಲ್‌ಸ್ಟರಿನಲ್ಲಿ ಅಥವಾ ಅಂಥದೇ ಸಾಧನದಲ್ಲಿ, ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಭೆ, ಶಾಲಾಕಾಲೇಜುಗಳ ಆವರಣ ಇಲ್ಲಿಗೆಲ್ಲ ವಿಶೇಷ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ದಕ್ಷಿಣ ಕನ್ನಡದಲ್ಲಿ ಬೆಳೆ ರಕ್ಷಣೆಗೆಂದು ಉದ್ದ ಕೋವಿ ಇಟ್ಟುಕೊಂಡ ಕೃಷಿಕರು ಬಹಳ ಮಂದಿ. ಚುನಾವಣೆ ಬಂದಾಗಲೆಲ್ಲ ಅವನ್ನು ಠಾಣೆಗೆ ಒಪ್ಪಿಸುವ ಪ್ರಸಂಗ ಓದುಗರಿಗೆ ಗೊತ್ತು. ಪಿಸ್ತೂಲು, ರಿವಾಲ್ವರ್ ಇರುವವರು ಅವರಿಗಿಂತ ಕಡಿಮೆ; ಆದರೆ ದಿನವೂ ಮೈಮೇಲೆ ಹೊರುವವರು ಅವರೇ.

ಉದಾಹರಣೆಗೆ, ನಮ್ಮ ದೇಶದ ಆಯುಧ ಕಾರ್ಖಾನೆಗಳು ತಯಾರಿಸುವ .32 ರಿವಾಲ್ವರನ್ನು ತೆಗೆದುಕೊಳ್ಳೋಣ. ಗುಂಡು ತುಂಬಿದಾಗ ತೂಕ ಮುಕ್ಕಾಲು ಕಿಲೋಗ್ರಾಮಿನ ಆಸುಪಾಸು. ಅಂದರೆ ಗುರುತ್ವ ಅದನ್ನು ಸುಮಾರು 7.5 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಹೋಲ್‌ಸ್ಟರ್ ಪಟ್ಟಿಯ ಹೊರಗಿದ್ದು, ರಿವಾಲ್ವರಿನ ಗುರುತ್ವಕೇಂದ್ರ ಪಟ್ಟಿಯಿಂದ 4 ಸೆಂಟಿಮೀಟರ್ ಹೊರಗಿದೆಯೆನ್ನಿ. ಆಗ ಪಟ್ಟಿಯನ್ನು ತಿರುಚುವ ಭ್ರಾಮಕ 0.3 ನ್ಯೂಟನ್ ಮೀಟರ್. ಇದನ್ನು ತಡೆಯುವುದು ಪಟ್ಟಿಯ ಮೇಲಂಚು ಮತ್ತು ಕೆಳಂಚು. ಪಟ್ಟಿ 4 ಸೆಂಟಿಮೀಟರ್ ಅಗಲವಿದ್ದರೆ ಪ್ರತಿ ಅಂಚಿನಲ್ಲಿ 7.5 ನ್ಯೂಟನ್ ಸಾಕು. ಪೇಟೆಯಲ್ಲಿ ಸಿಗುವ 2 ಸೆಂಟಿಮೀಟರಿನ ತೆಳು ಬೆಲ್ಟಾದರೆ 15 ನ್ಯೂಟನ್ ಬೇಕು. ಬೆಲ್ಟ್ ಅಷ್ಟು ಬಲ ತಾಳದೆ ಮಡಚಿಕೊಳ್ಳುತ್ತದೆ, ಹಿಡಿ ಹೊರಕ್ಕೆ ವಾಲಿ ಅಂಗಿಯ ಮೇಲೆ ಗುಬ್ಬೆಯಾಗಿ ಕಾಣುತ್ತದೆ. ಹೋಲ್‌ಸ್ಟರ್ ಸರಿಯಿಲ್ಲವೆಂದು ದೂರುವವರಲ್ಲಿ ಅನೇಕರ ನಿಜವಾದ ತೊಂದರೆ ಬೆಲ್ಟಿನದು. ಹೋಲ್‌ಸ್ಟರನ್ನು ಪ್ಯಾಂಟಿನ ಒಳಗೆ ಸೇರಿಸಿದರೆ ಆ 4 ಸೆಂಟಿಮೀಟರ್ ಅರ್ಧಕ್ಕಿಳಿಯುತ್ತದೆ, ಭ್ರಾಮಕವೂ ಅರ್ಧವಾಗುತ್ತದೆ. ಅಡಗಿಸಲು ಇದೇ ಉತ್ತಮ. ಕಂಕುಳ ಕೆಳಗೆ ತೂಗುಹಾಕುವ ಬಗೆಯೂ ಇದೆ. ಆದರೆ ಅದಕ್ಕೆ ಮೇಲೊಂದು ಕೋಟು ಬೇಕು. ಮೇ ತಿಂಗಳಿನಲ್ಲಿ ಹಂಪನಕಟ್ಟೆಯಲ್ಲಿ ಕೋಟು ಹಾಕಿ ನಡೆಯುವವನನ್ನು ಪಿಸ್ತೂಲಿಲ್ಲದಿದ್ದರೂ ಜನ ನೋಡುತ್ತಾರೆ.

ಆರಾಮವೆಂಬುದನ್ನೂ ಅಳೆಯಬಹುದು. ಚರ್ಮದ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸ ಎಂದು 1930ರಲ್ಲಿ ಲ್ಯಾಂಡಿಸ್ ಎಂಬ ಶರೀರಶಾಸ್ತ್ರಜ್ಞ ಅಳೆದ. ಅದು ಸುಮಾರು 4.3 ಕಿಲೋಪಾಸ್ಕಲ್. ಹೊರಗಿನಿಂದ ಅದಕ್ಕಿಂತ ಹೆಚ್ಚು ಒತ್ತಿದರೆ ಅಲ್ಲಿ ರಕ್ತ ಸಂಚಾರ ಕುಗ್ಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ನೋವು, ಜುಮುಗುಡುವಿಕೆ. ನಮ್ಮ 7.5 ನ್ಯೂಟನ್ ಬಲ 50 ಚದರ ಸೆಂಟಿಮೀಟರ್ ಚರ್ಮದ ಮೇಲೆ ಹರಡಿದರೆ ಒತ್ತಡ 1.5 ಕಿಲೋಪಾಸ್ಕಲ್, ತೊಂದರೆಯಿಲ್ಲ. ಅದೇ ಬಲ 5 ಚದರ ಸೆಂಟಿಮೀಟರಿನ ಒಂದು ಅಂಚಿನಲ್ಲಿ ಬಿದ್ದರೆ 15 ಕಿಲೋಪಾಸ್ಕಲ್. ತೂಕ ಅದೇ, ಒಂದು ದಿನವಿಡೀ ಮರೆತುಹೋಗುತ್ತದೆ, ಇನ್ನೊಂದು ಮಧ್ಯಾಹ್ನದೊಳಗೆ ಬಿಚ್ಚಿ ಕಾರಿನ ಡ್ರಾಯರಿಗೆ ಸೇರುತ್ತದೆ. ಆದ್ದರಿಂದಲೇ ಮೈಗೆ ತಾಗುವ ಬದಿ ಅಗಲವಾಗಿ, ಅಂಚು ದುಂಡಾಗಿ ಇರಬೇಕು. ಆರಾಮವಿಲ್ಲದ ಹೋಲ್‌ಸ್ಟರಿನ ನಿಜವಾದ ಅಪಾಯ ಇದೇ: ಆಯುಧ ಒಡೆಯನನ್ನು ಬಿಟ್ಟು ಬೇರೆಡೆ ಉಳಿಯುತ್ತದೆ. ಅಲ್ಲಿಗೆ ಮಕ್ಕಳ ಕೈಯೂ ತಲಪಬಹುದು, ಕಳ್ಳನ ಕೈಯೂ ತಲಪಬಹುದು.

ಒಡಿಕತ್ತಿಯಂತೆ ಬೆನ್ನಿನ ನಡುವೆಯೇ ಪಿಸ್ತೂಲು ಇಡಬಹುದಲ್ಲ ಎಂದು ಕೇಳಬಹುದು. ಇಡಬಾರದು. ಗಟ್ಟಿ ಉಕ್ಕಿನ ಗಡ್ಡೆಯ ಮೇಲೆ ಬೆನ್ನಡಿಯಾಗಿ ಬಿದ್ದರೆ ಬೆನ್ನುಮೂಳೆಗೆ ಏಟು. ಕುರ್ಚಿಗೆ ಒರಗಿ ಕೂರುವ, ಕಾರು ಓಡಿಸುವ ಇಂದಿನ ಜೀವನವೂ ಒಡಿಕತ್ತಿಯ ಕಾಲದ್ದಲ್ಲ. ಸೊಂಟದ ಮೂಳೆಯ ಸ್ವಲ್ಪ ಹಿಂದೆ, ಪಕ್ಕೆಯ ತಗ್ಗಿನಲ್ಲಿ ಇಡುವುದು ಹೆಚ್ಚಿನವರಿಗೆ ಹೊಂದುತ್ತದೆ.

ಇನ್ನು ಹಿಡಿತ. ಓಡುವಾಗ ಹೆಜ್ಜೆ ನೆಲಕ್ಕೆ ತಾಗಿದ ಕ್ಷಣದಲ್ಲಿ ಸೊಂಟ ಅನುಭವಿಸುವ ಉತ್ಕರ್ಷ ಗುರುತ್ವದ ಎರಡು ಮೂರು ಪಟ್ಟು ಇರಬಲ್ಲುದು. ಎಂದರೆ 20 ನ್ಯೂಟನ್‌ಗೂ ಹೆಚ್ಚಿನ ಸೆಳೆತಕ್ಕೆ ಹೋಲ್‌ಸ್ಟರ್ ಜಗ್ಗಬಾರದು. ಗುಂಡುಗಳನ್ನೆಲ್ಲ ತೆಗೆದು, ಎರಡು ಸಲ ನೋಡಿ ಖಚಿತಪಡಿಸಿಕೊಂಡು, ಹಾಸಿಗೆಯ ಮೇಲೆ ಹೋಲ್‌ಸ್ಟರನ್ನು ತಲೆಕೆಳಗು ಹಿಡಿದು ಅಲುಗಿಸಿ ನೋಡುವುದು ಸುಲಭವಾದ ಪರೀಕ್ಷೆ. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವೆಂಬ ಮಾತನ್ನು ಇಲ್ಲಿ ಸ್ವಲ್ಪ ತಿರುಗಿಸಿ ಹೇಳಬಹುದು: ಎರಡು ಬಗೆಯ ಪಿಸ್ತೂಲಿಗೆ ಹೊಂದುವ ಹೋಲ್‌ಸ್ಟರ್ ಎರಡಕ್ಕೂ ಹೊಂದುವುದಿಲ್ಲ. ಎಲ್ಲ ಪಿಸ್ತೂಲಿಗೂ ಆಗುತ್ತದೆಂದು ಮಾರುವ ಮೆತ್ತನೆಯ ನೈಲಾನ್ ಚೀಲಗಳಿಂದ ದೂರವಿರುವುದು ಲೇಸು.

ಬಿದ್ದರೆ ಏನಾಗುತ್ತದೆ? ಮುಕ್ಕಾಲು ಕಿಲೋಗ್ರಾಂ ವಸ್ತು ಒಂದು ಮೀಟರ್ ಎತ್ತರದಿಂದ ಬಿದ್ದಾಗ ಅದರ ಚಲನಶಕ್ತಿ ಸುಮಾರು 7.4 ಜೂಲ್. ಗ್ರಾನೈಟ್ ನೆಲದ ಮೇಲೆ ಅದು ಒಂದು ಮಿಲಿಮೀಟರಿನೊಳಗೆ ನಿಂತರೆ ಸರಾಸರಿ ಬಲ ಅದರ ತೂಕದ ಸಾವಿರ ಪಟ್ಟು. ತೋಟೆಯ ಕೇಪು ಸಿಡಿಯಲು ಒಂದು ಜೂಲ್‌ಗಿಂತಲೂ ಕಡಿಮೆ ಸಾಕು. 1873ರ ಕೋಲ್ಟ್ ರಿವಾಲ್ವರ್ ಹೊರುತ್ತಿದ್ದವರು ಆರು ಗೂಡುಗಳಲ್ಲಿ ಐದನ್ನೇ ತುಂಬಿ, ಸುತ್ತಿಗೆಯ ಕೆಳಗಿನ ಗೂಡನ್ನು ಖಾಲಿ ಬಿಡುತ್ತಿದ್ದುದು ಈ ಭಯದಿಂದ. ಅನಂತರ ಬಂದ ರಿವಾಲ್ವರುಗಳಲ್ಲಿ ಸುತ್ತಿಗೆಗೂ ಕೇಪಿಗೂ ನಡುವೆ ತಡೆ ಬಂತು. ಆದರೂ 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬಯಿಯಲ್ಲಿ ನಟ ಗೋವಿಂದ ಅವರ ಪರವಾನಗಿ ರಿವಾಲ್ವರ್ ಕೈಜಾರಿ ಬಿದ್ದು, ಗುಂಡು ಅವರದೇ ಮೊಣಕಾಲಿನ ಕೆಳಗೆ ಹೊಕ್ಕಿತೆಂದು ಪತ್ರಿಕೆಗಳಲ್ಲಿ ಓದಿದೆವು.

ಚರ್ಮ, ಉಪ್ಪು, ಮಳೆ

ಬಾಳಿಕೆಯ ಪ್ರಶ್ನೆಗೆ ಬಂದರೆ ಮಂಗಳೂರು ಒಂದು ಪ್ರಯೋಗಶಾಲೆಯೇ ಸರಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ತಿಂಗಳುಗಳಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡ 90ರ ಸುತ್ತ. ಬೀರುವಿನಲ್ಲಿಟ್ಟ ಚಪ್ಪಲಿ, ಬೆಲ್ಟುಗಳ ಮೇಲೆ ಬಿಳಿಯ ಬೂಸಲು ಬರುವುದನ್ನು ಇಲ್ಲಿ ಎಲ್ಲರೂ ಬಲ್ಲರು. ಆರ್ದ್ರತೆ ಶೇಕಡ 60 ದಾಟಿದರೆ ಉಕ್ಕು ವೇಗವಾಗಿ ತುಕ್ಕು ಹಿಡಿಯತೊಡಗುತ್ತದೆ. ಶೇಕಡ 75 ದಾಟಿದರೆ ಅಡುಗೆ ಉಪ್ಪು ಗಾಳಿಯ ನೀರನ್ನು ಹೀರಿ ತಾನೇ ಕರಗಿಹೋಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೀರೊಡೆಯುವುದು ಇದರಿಂದಲೇ. ಕಡಲಗಾಳಿಯ ಉಪ್ಪು, ಬೆವರಿನ ಉಪ್ಪು ಎರಡೂ ಸೇರಿ ಸೊಂಟದ ಪಿಸ್ತೂಲಿನ ಮೇಲೆ ಉಪ್ಪುನೀರಿನ ತೆಳುಪದರ ಸದಾ ಇರುವಂತೆ ಮಾಡುತ್ತವೆ.

ಇದಕ್ಕೆ ಚರ್ಮದ ಹದವೂ ಸೇರುತ್ತದೆ. ಹಿಂದೆ ದಕ್ಷಿಣ ಭಾರತದಲ್ಲಿ ತೊಗಲನ್ನು ಹದ ಮಾಡುತ್ತಿದ್ದುದು ತಂಗಡಿ ತೊಗಟೆ, ಅಳಲೆಕಾಯಿಗಳಿಂದ. ಅವುಗಳ ಟ್ಯಾನಿನ್ ಚರ್ಮಕ್ಕೆ ಗಟ್ಟಿತನ ಕೊಡುತ್ತದೆ. ಒದ್ದೆ ಮಾಡಿ ಅಚ್ಚಿಗೆ ಒತ್ತಿ ಒಣಗಿಸಿದರೆ ಕೊಟ್ಟ ಆಕಾರ ನಿಲ್ಲುತ್ತದೆ. ಒಳ್ಳೆಯ ಹೋಲ್‌ಸ್ಟರಿಗೆ ಈ ಗುಣ ಅಗತ್ಯ. ಆದರೆ ಟ್ಯಾನಿನ್ ಆಮ್ಲೀಯ. ಕಬ್ಬಿಣದೊಡನೆ ಸೇರಿ ಅದು ಕಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ನಮ್ಮ ಹಿರಿಯರು ಬರೆಯುವ ಮಸಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ; ಅದೇ ಕ್ರಿಯೆ ಪಿಸ್ತೂಲಿನ ಮೇಲೂ ನಿಧಾನವಾಗಿ ಬರೆಯುತ್ತದೆ. ತೋಟೆಯ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟುವುದೂ ಹೀಗೆಯೇ. ಕಿಲುಬು ಕಟ್ಟಿದ ತೋಟೆ ಗೂಡಿನಲ್ಲಿ ಸಿಕ್ಕಿಕೊಂಡರೆ ತೆಗೆಯುವುದೇ ಅಪಾಯ.

1884ರಲ್ಲಿ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಜ್ ಕ್ರೋಮಿಯಮ್ ಲವಣಗಳಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಮದರಾಸಿನಲ್ಲಿ ಪ್ರಯೋಗಕ್ಕೆ ತಂದವನು ಆಲ್ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕನಾದವನೂ ಅವನೇ. ಕ್ರೋಮ್ ಚರ್ಮ ನೀರಿಗೆ ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಮೆತ್ತಗೆ, ಕೊಟ್ಟ ಆಕಾರ ಹಿಡಿಯುವುದಿಲ್ಲ. ಹೀಗಾಗಿ ಚೀಲಕ್ಕೆ, ಪಾದರಕ್ಷೆಗೆ ಅದು ಗೆದ್ದರೂ ಹೋಲ್‌ಸ್ಟರಿನಲ್ಲಿ ತೊಗಟೆ ಹದದ ದಪ್ಪ ಚರ್ಮವೇ ಉಳಿಯಿತು.

ಪ್ಲಾಸ್ಟಿಕ್ಕಿನ ಸರದಿ 1960ರ ದಶಕದಲ್ಲಿ ಬಂತು. ವಿಮಾನಗಳ ಒಳಗೋಡೆಗೆಂದು ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ ಅಕ್ರಿಲಿಕ್ ಮತ್ತು ಪಿ.ವಿ.ಸಿ. ಬೆರೆಸಿ ಕೈಡೆಕ್ಸ್ ಎಂಬ ಹಾಳೆ ತಯಾರಿಸಿತು. ಕಾಯಿಸಿದರೆ ಮೆತ್ತಗಾಗಿ ಪಿಸ್ತೂಲಿನ ಆಕಾರಕ್ಕೆ ಒತ್ತಿಸಿಕೊಳ್ಳುತ್ತದೆ, ಆರಿದ ಮೇಲೆ ಹಾಗೆಯೇ ಉಳಿಯುತ್ತದೆ. ನೀರು ಹೀರುವುದಿಲ್ಲ, ಬೂಸಲು ಹಿಡಿಯುವುದಿಲ್ಲ, ಟ್ಯಾನಿನ್ ಇಲ್ಲ. 1970ರ ದಶಕದಿಂದ ಅದು ಹೋಲ್‌ಸ್ಟರಿಗೆ ಬಂತು. ದೋಷಗಳೂ ಇವೆ: ಅಂಚು ಗಡುಸು, ಮೈಗೆ ಅಂಟಿ ಬೆವರಿಸುತ್ತದೆ, ಒಳಗೆ ಸೇರಿದ ಮರಳಿನ ಕಣ ಪಿಸ್ತೂಲಿನ ಮೇಲ್ಮೈಯನ್ನು ಗೀರುತ್ತದೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಕೆಳಗೆ ಬಿಟ್ಟರೆ ಆಕಾರ ಕೆಡಬಹುದು. ಮೈಗೆ ತಾಗುವ ಕಡೆ ಚರ್ಮ, ಪಿಸ್ತೂಲನ್ನು ಹಿಡಿಯುವ ಕಡೆ ಕೈಡೆಕ್ಸ್ ಇರುವ ಮಿಶ್ರ ಹೋಲ್‌ಸ್ಟರುಗಳು ಈಗ ಸಿಗುತ್ತವೆ. ನಮ್ಮ ಹವೆಗೆ ಅವು ಹೊಂದುತ್ತವೆಂದು ನನ್ನ ಅಭಿಪ್ರಾಯ. ಚರ್ಮದ ಭಾಗವನ್ನು ಮಾತ್ರ ಎರಡು ಮೂರು ವರ್ಷಕ್ಕೆ ಬದಲಿಸಲು ತಯಾರಿರಬೇಕು.

ಬಾಳಿಕೆಯೆಂದರೆ ಹರಿಯದಿರುವುದು ಎಂದಷ್ಟೇ ತಿಳಿಯಬಾರದು. ಹರಿಯದೆ ಇದ್ದೂ ಮೆತ್ತಗಾದ ಹೋಲ್‌ಸ್ಟರ್ ಹರಿದುದಕ್ಕಿಂತ ಕೆಟ್ಟದ್ದು. ಹಳೆಯ ಚರ್ಮದ ಬಾಯಿ ಒಳಕ್ಕೆ ಮಡಚಿಕೊಂಡಿರುತ್ತದೆ. ಪಿಸ್ತೂಲನ್ನು ಮರಳಿ ಸೇರಿಸುವಾಗ ಆ ಮಡಿಕೆ ಟ್ರಿಗರ್ ಕಾವಲಿನೊಳಗೆ ಹೊಕ್ಕು ಬೆರಳಿನಂತೆ ಕೆಲಸ ಮಾಡುತ್ತದೆ. ಹೊತ್ತವನ ತೊಡೆಗೇ ಗುಂಡು. ಹಿಂದಿನ ಹೋಲ್‌ಸ್ಟರುಗಳಲ್ಲಿ ಬೇಗ ಬೆರಳಿಡಲೆಂದು ಟ್ರಿಗರ್ ತೆರೆದಿರುತ್ತಿತ್ತು. 1982ರಲ್ಲಿ ಆಸ್ಟ್ರಿಯದ ಸೇನೆ ಒಪ್ಪಿಕೊಂಡ ಗ್ಲಾಕ್ ಪಿಸ್ತೂಲಿನಲ್ಲಿ ಬೇರೆಯಾದ ಸುರಕ್ಷತಾ ಗುಂಡಿಯೇ ಇಲ್ಲ. ಟ್ರಿಗರ್ ಎಳೆದರೆ ಹಾರುತ್ತದೆ, ಎಳೆಯದಿದ್ದರೆ ಇಲ್ಲ. ಅಂಥ ಪಿಸ್ತೂಲುಗಳು ಹರಡಿದ ಮೇಲೆ ಟ್ರಿಗರನ್ನು ಗಟ್ಟಿಯಾಗಿ ಮುಚ್ಚುವ ಹೊಣೆ ಹೋಲ್‌ಸ್ಟರಿಗೆ ಬಂತು. 2008ರ ನವೆಂಬರಿನಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ಹೋಲ್‌ಸ್ಟರಿಲ್ಲದೆ ಗ್ಲಾಕ್ ಒಂದನ್ನು ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡು ನ್ಯೂಯಾರ್ಕಿನ ಕ್ಲಬ್ಬಿಗೆ ಹೋದ. ಜಾರಿದ ಪಿಸ್ತೂಲು ಅವನ ತೊಡೆಗೇ ಹಾರಿತು. ಆ ರಾಜ್ಯದ ಪರವಾನಗಿ ಇಲ್ಲದ್ದರಿಂದ ಸೆರೆವಾಸವೂ ಆಯಿತು. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗಾಗಿ ‘ನಿರ್ಭೀಕ್’ ಎಂಬ 500 ಗ್ರಾಮಿನ ಟೈಟಾನಿಯಮ್ ಮಿಶ್ರಲೋಹದ ರಿವಾಲ್ವರ್ ತಂದಾಗ ಅದನ್ನು ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಪೆಟ್ಟಿಗೆ ಚೆಂದವೇ ಇತ್ತು. ಕೈಚೀಲದೊಳಗೆ ಬೀಗದ ಕೈ, ಲೇಖನಿಗಳ ನಡುವೆ ಆ ರಿವಾಲ್ವರಿನ ಟ್ರಿಗರನ್ನು ಕಾಯಲು ಮಾತ್ರ ಅದು ಬರುವುದಿಲ್ಲ.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಹಬ್ಬ. ನಾಟಿ ಮುಗಿದಿರುತ್ತದೆ, ದೊಡ್ಡ ಮಳೆ ಹಿಂದಾಗಿರುತ್ತದೆ. ಅಂದು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನೆಲ್ಲ ಹೊರತೆಗೆದು, ಒರೆಸಿ, ತೋಕ್ ಪೂ ಹೂವಿಟ್ಟು ಪೂಜಿಸುತ್ತಾರೆ. ವರ್ಷದಲ್ಲಿ ಆಯುಧಗಳಿಗೆ ಅತಿ ಹೆಚ್ಚು ತೇವ ತಾಗಿದ ತಿಂಗಳುಗಳ ಬೆನ್ನಿಗೇ ಈ ಹಬ್ಬ ಬರುತ್ತದೆಂಬುದನ್ನು ಲೋಹಶಾಸ್ತ್ರ ಓದಿದವರು ಮೆಚ್ಚಲೇಬೇಕು. ಹೋಲ್‌ಸ್ಟರ್ ಇರುವವರು ಅದನ್ನೂ ಆ ಹೊತ್ತಿಗೆ ಹೊರತೆಗೆಯಬಹುದು: ಹೊಲಿಗೆಯ ದಾರ ಕೊಳೆತಿದೆಯೇ, ಗುಂಡಿ ಸಡಿಲವೇ, ತಿರುಪುಗಳು ಬಿಗಿಯೇ, ಪಿಸ್ತೂಲಿಲ್ಲದಾಗಲೂ ಬಾಯಿ ತೆರೆದೇ ನಿಲ್ಲುತ್ತದೆಯೇ ಎಂದು ನೋಡಬೇಕು. ಚರ್ಮವನ್ನು ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಇಡಬಾರದು. ಎಣ್ಣೆ ಹೆಚ್ಚು ಸವರಿದರೆ ಮೆತ್ತಗಾಗುತ್ತದೆ. ರಾತ್ರಿ ಮಾತ್ರ ವರ್ಷವಿಡೀ ಒಂದೇ ಪದ್ಧತಿ: ಪಿಸ್ತೂಲನ್ನು ಚರ್ಮದ ಹೋಲ್‌ಸ್ಟರಿನೊಳಗೆ ಬಿಡದೆ ಹೊರತೆಗೆದು, ಗುಂಡು ಬೇರೆ ಮಾಡಿ, ಒಣಬಟ್ಟೆಯಿಂದ ಒರೆಸಿ, ಬೀಗದೊಳಗೆ ಇಡುವುದು, ಹೋಲ್‌ಸ್ಟರ್ ಹೊರಗೆ, ಗಾಳಿಯಾಡುವ ಗೂಟದ ಮೇಲೆ.